ಘನವೆಂಬುದೇ ಇಲ್ಲವಂತೆ, ಮಂಚದ ಕಾಲಿಗೆ ಯಾರು ಹೇಳುತ್ತೀರಿ?

ಬೆಳಗ್ಗೆ ಐದೂಮುಕ್ಕಾಲಿಗೆ ನಮ್ಮ ದೊಡ್ಡ ಮಾವ ಮನೆಮಂದಿಯ ವಾಟ್ಸ್ಆ್ಯಪ್ ಗುಂಪಿಗೆ ಅದನ್ನು ಹಾಕಿದರು. ನಿಮಗೂ ಬಂದಿರುತ್ತದೆ ಬಿಡಿ. ಹಿಂದೆ ನೀಲಿ ಗ್ಯಾಲಕ್ಸಿ, ಮುಂದೆ ಪದ್ಮಾಸನ ಹಾಕಿದ ಋಷಿ, ಕೆಳಗೆ ಹಳದಿ ಅಕ್ಷರ. ಪರಮಾಣುವಿನ ಶೇ 99.9999999 ಭಾಗ ಖಾಲಿಯಂತೆ, ಘನವಸ್ತು ಎಂಬುದೇ ಇಲ್ಲವಂತೆ, ಎಲ್ಲ ಮಾಯೆ ಅಂತ ನಮ್ಮವರು ಆಗಲೇ ಹೇಳಿದ್ದರಂತೆ, ಹತ್ತು ಜನಕ್ಕೆ ಕಳಿಸಬೇಕಂತೆ. ಎಲ್ಲ ಮಾಯೆಯಾದ ಮೇಲೆ ಆ ಹತ್ತು ಜನ ಎಲ್ಲಿಂದ ಬಂದರು ಅಂತ ಕೇಳಬಾರದು.

ಅದನ್ನು ಓದೋಣವೆಂದು ಕತ್ತಲಲ್ಲಿ ಕನ್ನಡಕ ಹುಡುಕಲು ಹೋಗಿ ಕಿರುಬೆರಳನ್ನು ಮಂಚದ ಕಾಲಿಗೆ ಬಡಿದುಕೊಂಡೆ. ತೇಗದ ಕಾಲು. ಉಗುರಿನ ಅಂಚು ಮೊದಲು ಬೆಳ್ಳಗಾಯಿತು, ಆಮೇಲೆ ಕೆಂಪು, ಕಾಫಿ ಹೊತ್ತಿಗೆ ನೇರಳೆಹಣ್ಣು. ಖಾಲಿಗೆ ಖಾಲಿ ತಾಗಿದ್ದಕ್ಕೇ ಇಷ್ಟು. ತುಂಬಿದ್ದರೆ ಏನು ಗತಿ!

ಇದೇ ಪ್ರಯೋಗವನ್ನು 1763ರಲ್ಲಿ ಇಂಗ್ಲೆಂಡಿನ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ ಬೇಕೆಂದೇ ಮಾಡಿದ್ದರು. ಜಡವಸ್ತು ಅನ್ನೋದೇ ಇಲ್ಲ, ಇರೋದೆಲ್ಲ ಮನಸ್ಸು ಮತ್ತು ಅದಕ್ಕೆ ತೋರುವ ಭಾವನೆ ಎಂದು ಬಿಷಪ್ ಬರ್ಕ್ಲಿ ಬರೆದಿದ್ದರು. ಸುಳ್ಳು ಅಂತ ಗೊತ್ತು, ಆದರೆ ಖಂಡಿಸೋಕಾಗಲ್ಲವಲ್ಲ ಎಂದು ಗೆಳೆಯ ಬಾಸ್ವೆಲ್ ಪೇಚಾಡಿದಾಗ ಜಾನ್ಸನ್ ಒಂದು ದೊಡ್ಡ ಕಲ್ಲಿಗೆ ಜಾಡಿಸಿ ಒದ್ದು ‘ನೋಡು, ಹೀಗೆ’ ಎಂದರು. ಅದು ವಾದವೇ ಅಲ್ಲ ಅಂತ ತತ್ವಶಾಸ್ತ್ರದವರು ಇವತ್ತಿಗೂ ನಗುತ್ತಾರೆ. ನಗಲಿ. ಅವರ ಬೆರಳು ಊದಿಲ್ಲ.

ಖಾಲಿ ಅನ್ನೋ ಮಾತು ಸುಮ್ನೆ ಹುಟ್ಟಿದ್ದಲ್ಲ. 1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗೈಗರ್ ಮತ್ತು ಮಾರ್ಸ್ಡನ್ ತೆಳು ಲೋಹದ ಹಾಳೆಗೆ, ವಿಕಿರಣ ವಸ್ತುವಿನಿಂದ ಚಿಮ್ಮುವ ಆಲ್ಫಾ ಕಣ ಹೊಡೆದರು. ಹೆಚ್ಚುಕಮ್ಮಿ ಎಲ್ಲವೂ ತೂರಿಹೋದವು, ಸುಮಾರು ಎಂಟು ಸಾವಿರಕ್ಕೊಂದು ವಾಪಸ್ ಬಂತು. 1911ರಲ್ಲಿ ರುದರ್ಫರ್ಡ್ ಲೆಕ್ಕ ಹಾಕಿ, ಪರಮಾಣುವಿನ ತೂಕ ಹೆಚ್ಚುಕಮ್ಮಿ ಎಲ್ಲ ನಡುವಿನ ಒಂದು ಚೂರಿನಲ್ಲಿದೆ ಎಂದರು. ಮಾವನ ಮೆಸೇಜು ಅಲ್ಲೇ ಇಳಿದುಬಿಟ್ಟಿದೆ, ಮುಂದಿನ ಬಸ್ಸು ಹತ್ತಲಿಲ್ಲ. ಆ ಖಾಲಿಯ ತುಂಬ ಎಲೆಕ್ಟ್ರಾನುಗಳು ಮೋಡದ ಹಾಗೆ ಹರಡಿಕೊಂಡಿವೆ. ಎರಡು ಎಲೆಕ್ಟ್ರಾನ್ ಒಂದೇ ಸ್ಥಿತಿಯಲ್ಲಿ ಇರುವಂತಿಲ್ಲ ಎಂದು 1925ರಲ್ಲಿ ಭೌತವಿಜ್ಞಾನಿ ಪೌಲಿ ಹೇಳಿದರು. ನಮ್ಮ ಬಸ್‌ಸ್ಟ್ಯಾಂಡಿನ ಕಾನೂನೇ ಅದು. ಕಿಟಕಿಯಿಂದ ನೋಡಿದರೆ ಬಸ್ಸು ಖಾಲಿ, ಒಳಗೆ ಹೋದರೆ ಪ್ರತಿ ಸೀಟಿಗೂ ಯಾರದೋ ಟವೆಲ್. ಕೂತು ನೋಡಿ, ಗಟ್ಟಿ ಅಂದರೆ ಏನು ಅಂತ ಟವೆಲಿನವನೇ ತಿಳಿಸುತ್ತಾನೆ. ಈ ಟವೆಲ್ ಕಾನೂನು ಇಲ್ಲದಿದ್ದರೆ ಕಲ್ಲು, ಮರ, ಮಾವ ಎಲ್ಲ ಒಳಕ್ಕೇ ಕುಸಿಯುತ್ತಿದ್ದರು. ಅದಿರುವುದರಿಂದಲೇ ಕುಸಿಯುವುದಿಲ್ಲ ಎಂದು 1967ರಲ್ಲಿ ಡೈಸನ್ ಮತ್ತು ಲೆನಾರ್ಡ್ ಗಣಿತದಲ್ಲೇ ಸಾಧಿಸಿದರು. ಮಂಚ ಯಾಕೆ ಗಟ್ಟಿ ಅಂತ ಅವರು ಇಷ್ಟೆಲ್ಲ ಒದ್ದಾಡಿದರೆ, ಮಂಚವೇ ಇಲ್ಲ ಅಂತ ಇವರು ಫಾರ್ವರ್ಡ್ ಮಾಡುತ್ತಾರೆ.

ಆಯ್ತು, ಘನ ಇಲ್ಲ ಅಂತಲೇ ಇಟ್ಟುಕೊಳ್ಳೋಣ. ಹಾಗಾದರೆ ಘನ ಸರ್ಕಾರದ ಗತಿ ಏನು? ಘನ ನ್ಯಾಯಾಲಯದ್ದು? ಇಲ್ಲದ ಘನತ್ಯಾಜ್ಯಕ್ಕೆ ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜೊತೆಗೆ ಶುಲ್ಕ ಬೇರೆ. ನಮ್ಮ ಬೀದಿ ಮೂಲೆಯ ಕಸದ ರಾಶಿಯೂ ಶೇ 99.9999999 ಖಾಲಿಯೇ. ಮೂಗಿಗೆ ಯಾರಾದರೂ ತಿಳಿಹೇಳಬೇಕು.

ಇನ್ನು ‘ನಮ್ಮವರು ಆಗಲೇ ಹೇಳಿದ್ದರು’. ಯಾವ ನಮ್ಮವರು? ಉಡುಪಿಯ ಮಧ್ವರು ಜಗತ್ತು ಸತ್ಯ ಎಂದವರು. ಐದು ಭೇದ ಹೇಳಿ, ಅದರಲ್ಲಿ ಜಡಕ್ಕೂ ಜಡಕ್ಕೂ ಭೇದ ಅಂತ ಒಂದಿಟ್ಟರು. ಇವತ್ತು ಬೆಳಗ್ಗೆ ನನಗಾದದ್ದು ಅದರದೇ ದರ್ಶನ. ಶಂಕರರೂ ವ್ಯವಹಾರಕ್ಕೆ ಜಗತ್ತು ಇದೆ ಎಂದೇ ಒಪ್ಪಿದ್ದರು. ದೇಹವನ್ನೇ ಬಯಲು ಮಾಡಿಕೊಂಡವನು ಅಲ್ಲಮ. ಅವನು ಬೀಸಿದ ಕತ್ತಿ ಸಿದ್ಧಯೋಗಿ ಗೋರಕ್ಷನ ವಜ್ರದೇಹಕ್ಕೆ ತಾಗಿ ಖಣಿಲ್ ಎಂದಿತು. ಗೋರಕ್ಷ ಬೀಸಿದ್ದು ಅಲ್ಲಮನೊಳಗೆ ಗಾಳಿಯ ಹಾಗೆ ಹಾದುಹೋಯಿತು. ಎಂಥ ಕತೆ! ಆದರೆ ಅಲ್ಲಮ ಆಮೇಲೆ ಕೊರಳಿಗೆ ಹಾಕೋ ಪದಕ ಮಾರಲು ಕೂರಲಿಲ್ಲ.

ಎಲ್ಲ ಖಾಲಿ ಅನ್ನೋ ಇವತ್ತಿನ ಕೆಲವರು ಕೂರುತ್ತಾರೆ. ಕೆಳಗಿನ ಮನೆಯ ಅಜ್ಜಿಗೆ ಯಾರೋ ‘ಕ್ವಾಂಟಮ್’ ಪದಕ ಮಾರಿದ್ದಾರೆ, ಮೂರೂವರೆ ಸಾವಿರಕ್ಕೆ. ದೇಹ ಬರೀ ಕಂಪನ, ಕಾಯಿಲೆಯೂ ಕಂಪನ, ಶುಗರ್ ಮಾತ್ರೆ ಯಾಕೆ ಅಂದರಂತೆ. ಅಜ್ಜಿ ನಿಲ್ಲಿಸಿದರು. ಹದಿನೈದನೇ ದಿನ ಆಸ್ಪತ್ರೆಗೆ ಸೇರಿಸಬೇಕಾಯಿತು. ಇದಕ್ಕೊಂದು ಜೋಕು ಹೊಸೆಯೋಣವೆಂದು ಬೆಳಗ್ಗೆಯಿಂದ ಕೂತಿದ್ದೇನೆ, ಬರುತ್ತಿಲ್ಲ. ಅಜ್ಜಿಯ ಪೆನ್ಷನ್ ದುಡ್ಡು ಅದು. ನೋಟು ಎಣಿಸುವಾಗ ಮಾತ್ರ ಇವರ ಬೆರಳಿಗೆ ಎಲ್ಲವೂ ಗಟ್ಟಿಯಾಗಿಯೇ ಸಿಗುತ್ತದೆ. ಕಳ್ಳರು.

ಊದಿದ ಬೆರಳಿನ ಫೋಟೊ ತೆಗೆದು ಗುಂಪಿಗೆ ಹಾಕಿದೆ. ಎರಡೇ ನಿಮಿಷಕ್ಕೆ ಮಾವನ ಉತ್ತರ ಬಂತು: ‘ಅರಿಶಿನ ಹಚ್ಚಿ ಬಟ್ಟೆ ಕಟ್ಟಪ್ಪ. ಗಟ್ಟಿಯಾಗಿ ಕಟ್ಟು.’