ಹಾಲ್‌ನಲ್ಲಿ ಆಲದ ದಾಯಾದಿ

ನರ್ಸರಿಯಲ್ಲಿ ‘ಫೈಕಸ್’ ಅಂತ ಮಾರುವ ಗಿಡ ಏನೋ ಫಾರಿನ್ ಸರಕು ಅನ್ನಿಸುತ್ತದೆ. ಅಸಲಿಗೆ ನಮ್ಮ ಆಲ, ಅರಳಿ, ಅತ್ತಿ, ಬಸರಿ ಎಲ್ಲವೂ ಫೈಕಸ್ ಮನೆತನದವೇ. ಬೋನ್ಸಾಯ್ ಅಂತ, ಅಂದರೆ ಕುಂಡದಲ್ಲೇ ಕುಳ್ಳಗೆ ಸಾಕುವ ಮರ ಅಂತ, ಜಾಸ್ತಿ ಸಿಗುವ ಸಣ್ಣೆಲೆಯ ಫೈಕಸ್ ಮೈಕ್ರೊಕಾರ್ಪ ಆಲದ ಹತ್ತಿರದ ದಾಯಾದಿ. ನೆಲಕ್ಕೆ ಬಿಟ್ಟರೆ 50 ಅಡಿ ಏರಿ, ಬಿಳಲು ಇಳಿಸಿ, ಪಕ್ಕದವರ ಕಾಂಪೌಂಡಿಗೂ ಹಕ್ಕು ಸ್ಥಾಪಿಸುವ ಜಾತಿ. ಅದು ನಮ್ಮ ಹಾಲ್‌ನಲ್ಲಿ, ಪೂರ್ವದ ಕಿಟಕಿಯ ಕೆಳಗಿನ ಟೀಪಾಯ್ ಮೇಲೆ, ಊಟದ ತಟ್ಟೆಯಷ್ಟಗಲದ ಕುಂಡದಲ್ಲಿ ಕೂತಿದೆ.

ಮನೆಗೆ ಬಂದವರು ಅದನ್ನು ನೋಡಿ ಎರಡು ಮಾತು ಆಡಿಯೇ ಆಡುತ್ತಾರೆ. ಒಂದು, “ವಯಸ್ಸೆಷ್ಟು ಇದಕ್ಕೆ?” ಇನ್ನೊಂದು, “ಪಾಪ, ಉಪವಾಸ ಕೆಡವಿ ಕುಳ್ಳ ಮಾಡಿದ್ದೀರಲ್ಲ!”

ಎರಡನೆಯದು ಶುದ್ಧ ಅಪವಾದ. ಗಿಡ ಗಿಡ್ಡಗಿರುವುದು ಕತ್ತರಿಯಿಂದ, ಹಸಿವಿನಿಂದಲ್ಲ. ಕುಂಡದಲ್ಲಿರುವುದೇ ಬೊಗಸೆ ಮಣ್ಣು. ನೀರು ಹಾಕಿದಾಗಲೆಲ್ಲ ಅದರ ಸತ್ವ ಕೆಳಗಿನ ತೂತಿನಿಂದ ಇಳಿದುಹೋಗುತ್ತದೆ. ಹಾಗಾಗಿ ತೋಟದ ಮರಕ್ಕಿಂತ ಇದಕ್ಕೇ ಮತ್ತೆ ಮತ್ತೆ ಉಣ್ಣಿಸಬೇಕು. ನೆನೆಸಿಟ್ಟ ಕಡಲೆಕಾಯಿ ಹಿಂಡಿಯ ತಿಳಿನೀರು ಕೊಟ್ಟರೆ ಚೆನ್ನಾಗಿ ಚಿಗುರುತ್ತದೆ. ಆದರೆ ಹಿತ್ತಲಿಗೆ ಹಿಂಡಿ ಹಾಕುವವರಿಗೆ ಗೊತ್ತಿರದ ಒಂದು ಸಂಗತಿ ಹಾಲ್‌ನಲ್ಲಿ ಹಾಕಿದವರಿಗೆ ಗೊತ್ತು. ಫ್ಯಾನ್ ತಿರುಗಿದ್ದೇ ತಡ, ಕೂತವರು ಕಾಫಿ ಬೇಗ ಮುಗಿಸಿ ಏಳುತ್ತಾರೆ. ಕೆಲವು ನೆಂಟರ ವಿಷಯದಲ್ಲಿ ಇದು ಲಾಭವೇ ಅನ್ನಿ.

ಕತ್ತರಿ ಹಿಡಿಯುವುದೇ ಈ ಕೆಲಸದ ಸೊಗಸು. ಹೊಸ ಚಿಗುರು ಆರೆಂಟು ಎಲೆ ಬಿಡುವವರೆಗೆ ಕಾಯಬೇಕು. ಆಮೇಲೆ ಎರಡು ಮೂರು ಎಲೆ ಉಳಿಸಿ ಮೇಲಿನದನ್ನು ತೆಗೆಯಬೇಕು. ಕತ್ತರಿಸಿದ ಕೂಡಲೇ ತುದಿಯಲ್ಲಿ ಬಿಳೀ ಹಾಲು ಉಬ್ಬುತ್ತದೆ. ಒಂದು ಗಳಿಗೆ ದುಂಡಗೆ ನಿಂತು, ಆಮೇಲೆ ಕಡ್ಡಿಗುಂಟ ಇಳಿಯುತ್ತದೆ. ಒದ್ದೆ ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ. ಬೆರಳಿಗೆ ಅಂಟಿದ್ದು ಮಾತ್ರ ಹಲಸಿನ ಮೇಣದ ಹಾಗೆ, ಸೋಪಿಗೆ ಜಗ್ಗುವುದಿಲ್ಲ. ಕೊಬ್ಬರಿ ಎಣ್ಣೆಯೇ ಬೇಕು. ಕೆಲವು ದಿನ ಬಿಟ್ಟು ನೋಡಿ, ಉಳಿಸಿದ ಎಲೆಯ ಕಂಕುಳಲ್ಲಿ ಚೂಪಾದ ಹೊಸ ಮೊಗ್ಗು ಎದ್ದಿರುತ್ತದೆ. ಆ ಎಲೆ ಯಾವ ದಿಕ್ಕಿಗಿದೆಯೋ ಮುಂದಿನ ಕೊಂಬೆ ಆ ದಿಕ್ಕಿಗೆ. ಅಂದರೆ ಯಾವ ಎಲೆ ಉಳಿಸುತ್ತೀರಿ ಅನ್ನುವುದರಲ್ಲೇ ಮರದ ಜಾತಕ ಇದೆ. ಇದು ಗೊತ್ತಾದ ಮೇಲೆ ಕೈ ಸುಮ್ನೆ ಇರುವುದಿಲ್ಲ. ಟಿವಿ ನೋಡುತ್ತಾ ಕತ್ತರಿ ಹಿಡಿಯಬಾರದು ಅಂತ ಮನೆಯಲ್ಲಿ ಕಾನೂನೇ ಆಗಿದೆ.

ಇನ್ನು ಇದರ ಸಿಟ್ಟು. ಬೆಂಗಳೂರಿನ ಹೊರಗೆ ಕೇತೋಹಳ್ಳಿಯ ದೊಡ್ಡ ಆಲದ ಮರ ಸುಮಾರು 3 ಎಕರೆ ಹಿಡಿದು ನಿಂತಿದೆ. 2000ದ ದಶಕದಲ್ಲಿ ರೋಗ ತಗುಲಿ ನಡುವಿನ ಬೊಡ್ಡೆಯೇ ಹೋಯಿತು. ಮರ ‘ಹೋದರೆ ಹೋಗಲಿ’ ಅಂತ ಬಿಳಲುಗಳ ಮೇಲೆಯೇ ಸಂಸಾರ ನಡೆಸುತ್ತಿದೆ. ಅದೇ ಮನೆತನದ ನಮ್ಮ ಮಹಾಶಯನನ್ನು ಕಿಟಕಿಯಿಂದ ಶೋಕೇಸ್ ಪಕ್ಕಕ್ಕೆ ಕಳಿಸಿ ನೋಡಿ. ಸ್ವಲ್ಪ ದಿನದಲ್ಲೇ ಎಲೆ ಹಳದಿಯಾಗಿ ಟಪಟಪ ಉದುರುತ್ತದೆ. ಗಾಬರಿಯಾಗಿ ಇನ್ನಷ್ಟು ನೀರು ಸುರಿದರೆ ಬೇರೂ ಕೊಳೆಯುತ್ತದೆ. ತೊಗಟೆಯನ್ನು ಉಗುರಿನಿಂದ ಚೂರೇ ಚೂರು ಕೆರೆದು ನೋಡಬೇಕು. ಒಳಗೆ ಹಸಿರಿದ್ದರೆ ಜೀವ ಇದೆ. ಮತ್ತೆ ಬೆಳಕಿಗೆ ತಂದಿಟ್ಟು ತೆಪ್ಪಗಿರುವುದೊಂದೇ ಮದ್ದು. ತಮಾಷೆ ಅಂದರೆ ನಮ್ಮದೇ ಕಟ್ಟಡದ ಡ್ರೈನೇಜ್ ಪೈಪಿನ ಸಂದಿಯಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ಒಂದು ಅರಳಿ ಹುಟ್ಟಿದೆ. ಅದಕ್ಕೆ ಮಣ್ಣಿಲ್ಲ, ಹಿಂಡಿಯಿಲ್ಲ, ನೀರು ಹಾಕುವವರಿಲ್ಲ. ವರ್ಷಕ್ಕೊಮ್ಮೆ ಪೇಂಟರ್ ಬಂದು ಕಿತ್ತು ಎಸೆಯುತ್ತಾನೆ. ಮಳೆ ಬಿದ್ದರೆ ಮತ್ತೆ ಹಾಜರ್!

ನೀರಿನ ವಿಷಯ ಬೇಗ ಮುಗಿಸಿಬಿಡೋಣ. ಸೋಮವಾರ, ಗುರುವಾರ ಅಂತ ಟೈಂಟೇಬಲ್ ನಡೆಯುವುದಿಲ್ಲ. ಬೆರಳು ಚುಚ್ಚಿ ನೋಡಿ, ಮೇಲ್ಮಣ್ಣು ಒಣಗಿದ್ದರೆ ಚೆನ್ನಾಗಿ ಹಾಕಿ, ಇಲ್ಲದಿದ್ದರೆ ಬಿಡಿ. ಬರೀ ಕೆಂಪು ಮಣ್ಣಾದರೆ ನೀರು ಒಳಗೇ ಕೂರುತ್ತದೆ. ಅದಕ್ಕೇ ಇಟ್ಟಿಗೆ ಕುಟ್ಟಿ, ಜರಡಿ ಹಿಡಿದು, ಪುಡಿ ಬಿಟ್ಟು ಚೂರನ್ನಷ್ಟೇ ಮಣ್ಣಿಗೆ ಬೆರೆಸುತ್ತಾರೆ. ಮತ್ತೆ ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಬೇಕು. ಇಲ್ಲದಿದ್ದರೆ ಮರ ಪೂರ್ತಿ ಕಿಟಕಿಯ ಕಡೆ ವಾಲಿ, ನಮಗೆ ಬೆನ್ನು ತೋರಿಸುತ್ತದೆ.

ವಯಸ್ಸು ಕೇಳುವವರಿಗೆ ನಾನು ವಾಷಿಂಗ್ಟನ್‌ನ ಒಂದು ಪೈನ್ ಮರದ ಕತೆ ಹೇಳುತ್ತೇನೆ. ಅದನ್ನು ಕುಂಡದಲ್ಲಿ ಸಾಕಲು ಶುರುಮಾಡಿದ್ದು 1625ರಲ್ಲಿ. 1945ರಲ್ಲಿ ಹಿರೋಶಿಮಾದ ಮೇಲೆ ಬಾಂಬ್ ಬಿದ್ದಾಗ ಯಮಾಕಿ ಮನೆಯವರ ಗೋಡೆಯ ಮರೆಯಲ್ಲಿದ್ದು ಉಳಿಯಿತು. 1976ರಲ್ಲಿ ಆ ಮನೆಯವರೇ ಅದನ್ನು ಅಮೆರಿಕಕ್ಕೆ ಉಡುಗೊರೆಯಾಗಿ ಕೊಟ್ಟರು. ಬಾಂಬಿಗೆ ಬಗ್ಗದ ಆ ಮರ ನಮ್ಮ ಹಾಲ್‌ನಲ್ಲಿ ಬದುಕುವುದು ಕಷ್ಟ. ಪೈನ್, ಜುನಿಪರ್‌ಗಳಿಗೆ ಹೊರಗಿನ ಬಿಸಿಲು ಬೇಕು, ಚಳಿಗಾಲದ ನಿದ್ದೆ ಬೇಕು. ಚೆಂದ ಕಂಡು ಮನೆಯೊಳಗೆ ತಂದಿಟ್ಟ ಜುನಿಪರ್ ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿಯೇ ಇದ್ದು ಯಾಮಾರಿಸುತ್ತದೆ. ನಮ್ಮ ಫೈಕಸ್‌ಗೆ ಆ ನಿದ್ದೆಯ ಗೋಜಿಲ್ಲ, ವರ್ಷವಿಡೀ ಬೆಚ್ಚಗಿದ್ದರೆ ಸಾಕು. ಇಷ್ಟು ಕೇಳುವಷ್ಟರಲ್ಲಿ ಬಂದವರಿಗೆ ತಾವು ಏನು ಕೇಳಿದ್ದು ಅನ್ನುವುದೇ ಮರೆತಿರುತ್ತದೆ. ನಮ್ಮ ಮರದ ವಯಸ್ಸು ಹೇಳುವುದು ತಪ್ಪುತ್ತದೆ.

ಈ ಸಲ ಕಾರ ಹುಣ್ಣಿಮೆಗೆ ಮೇಲಿನ ಮನೆಯ ಧಾರವಾಡದ ಕಾಕು ಅರಿಶಿನ, ಕುಂಕುಮ, ನೂಲಿನ ಉಂಡೆ ಹಿಡಿದು ಬಂದರು. ವಟಸಾವಿತ್ರಿ ಪೂಜೆ. ಮಾರ್ಕೆಟ್ಟಿನಲ್ಲಿ ಕಡಿದು ಮಾರುವ ಆಲದ ಟೊಂಗೆ ಅವರಿಗೆ ಆಗುವುದಿಲ್ಲ.

“ಕಾಕು, ಇದು ಆಲ ಅಲ್ಲ, ಅದರ ದಾಯಾದಿ,” ಅಂದೆ.

“ದಾಯಾದಿ ಆದ್ರ ಏನಾತು? ಮನೆತನ ಒಂದ ಹೌದಲ್ಲೋ?” ಅಂದರು.

ಪೂಜೆ ಆಯಿತು. ಸುತ್ತು ಬರಬೇಕೆಂದರೆ ಒಂದು ಕಡೆ ಗೋಡೆ. “ನಡಕ್ಕ ತಂದಿಡ್ರಿ,” ಅಂದರು. ಜಾಗ ಬದಲಿಸಿದರೆ ಎಲೆ ಉದುರಿಸುತ್ತದೆ ಅಂತ ಇದರ ಸ್ವಭಾವವನ್ನೆಲ್ಲ ವಿವರಿಸಿದೆ. ಕಾಕು ಸ್ವಲ್ಪ ಯೋಚಿಸಿದರು. ನೂಲಿನ ತುದಿಯನ್ನು ಕಾಂಡಕ್ಕೆ ಕಟ್ಟಿದರು. ತಾವು ನಿಂತಲ್ಲೇ ನಿಂತು ಒಂದು ಕೈಯಲ್ಲಿ ನೂಲು ಬಿಡುತ್ತಾ, ಇನ್ನೊಂದು ಕೈಯಲ್ಲಿ ಕುಂಡವನ್ನೇ ಏಳು ಸುತ್ತು ತಿರುಗಿಸಿದರು. ಪೂರ್ತಿ ಏಳು ಸುತ್ತು ಆದ್ದರಿಂದ ಮರ ಹೊರಟ ದಿಕ್ಕಿಗೇ ಬಂದು ನಿಂತಿತ್ತು. ಆ ವಾರದ ಕಾಲು ಸುತ್ತು ಮತ್ತೆ ನಾನೇ ತಿರುಗಿಸಬೇಕಾಯಿತು.