ಐಬಿ ಉಂಟು, ರಾ ಉಂಟು, ಇದೊಂದು ಎಂತಕ್ಕೆ?

ನಿನ್ನೆ ಬೆಳಿಗ್ಗೆ ಡೊಂಬಿವಲಿ ಫಾಸ್ಟ್ ಲೋಕಲ್‌ನಲ್ಲಿ ನಮ್ಮ ಶೆಟ್ರು ಕೇಳಿದರು. "ಅಲ್ಲ ಮಾರಾಯ್ರೆ, ಐಬಿ ಉಂಟು, ರಾ ಉಂಟು, ಆರ್ಮಿಗೆ ಅವರದ್ದೇ ಇಂಟೆಲಿಜೆನ್ಸ್ ಉಂಟು. ಮತ್ತೆ ಈ ಡಿಐಎ ಅಂತ ಇನ್ನೊಂದು ಎಂತಕ್ಕೆ? ಸುಮ್ನೆ ಖರ್ಚಲ್ವಾ?"

ಥಾಣೆ ದಾಟಿತ್ತು. ನನ್ನ ಒಂದು ಕೈ ಮೇಲಿನ ಹಿಡಿಕೆಯಲ್ಲಿ, ಇನ್ನೊಂದು ಯಾರದೋ ಬ್ಯಾಗಿನ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಆ ಗದ್ದಲದಲ್ಲಿ ಹೇಳಿದ್ದು ಅರ್ಧಂಬರ್ಧ. ಪೂರ್ತಿ ಇಲ್ಲಿ ಬರೆಯುತ್ತೇನೆ. ಐಬಿ ದೇಶದೊಳಗಿನ ಗುಪ್ತಚರ ಸಂಸ್ಥೆ, ರಾ ಹೊರದೇಶಗಳನ್ನು ನೋಡುವ ಗುಪ್ತಚರ ಸಂಸ್ಥೆ. ಡಿಐಎ ಅಂದರೆ ಡಿಫೆನ್ಸ್ ಇಂಟೆಲಿಜೆನ್ಸ್ ಏಜೆನ್ಸಿ, ಸೈನ್ಯದ ಮೂರೂ ಪಡೆಗಳಿಗೆ ಸೇರಿದ ಗುಪ್ತಚರ ಸಂಸ್ಥೆ.

ನಾನು ಬ್ಯಾಂಕಿನವನು. ಸಾಲದ ಅರ್ಜಿ ಓದಿ, ಕೊಡಬಹುದೋ ಬೇಡವೋ ಅಂತ ನೋಟ್ ಬರೆಯುವುದು ನನ್ನ ಹೊಟ್ಟೆಪಾಡು. ಬಹಳ ವರ್ಷಗಳ ಹಿಂದೆ ಭಿವಂಡಿಯ ಒಂದು ಪವರ್‌ಲೂಮ್ ಸಾಲ ಜಾಸ್ತಿ ಮಾಡಿ ಅಂತ ಕೇಳಿತ್ತು. ಸ್ಟಾಕ್ ನೋಡಲು ಹೋದೆ. ಅರ್ಧ ಮಗ್ಗಗಳು ನಿಂತಿದ್ದವು. "ಕರೆಂಟ್ ಪ್ರಾಬ್ಲಮ್" ಅಂದರು ಮಾಲೀಕರು, ಚಹಾ ತರಿಸಿದರು. ವಾಪಸ್ ಬರುವಾಗ ಗೇಟಿನ ಚೌಕಿದಾರ ಮೆಲ್ಲಗೆ ಅಂದ, "ಸಾಹೇಬ್, ಎರಡು ತಿಂಗಳಿಂದ ಪಗಾರ ಇಲ್ಲ." ನಮ್ಮಲ್ಲೇ ಕ್ಲಿಯರಿಂಗ್ ನೋಡುವ ಹುಡುಗಿಗೆ ಅವರ ಚೆಕ್‌ಗಳು ವಾಪಸ್ ಬರುತ್ತಿರುವುದು ಗೊತ್ತಿತ್ತು. ಅವರಿಗೆ ನೂಲು ಕೊಡುವ ವ್ಯಾಪಾರಿ ಉದ್ರಿ ನಿಲ್ಲಿಸಿದ್ದ. ಅದು ಇನ್ನೊಂದು ಬ್ರಾಂಚಿನವರಿಗೆ ಗೊತ್ತಿತ್ತು. ಯಾವುದೂ ಗುಟ್ಟಲ್ಲ. ಆದರೆ ಮೂರೂ ಒಂದೇ ಮೇಜಿಗೆ ಬರಲಿಲ್ಲ. ಮಾರ್ಚ್ ತಿಂಗಳು, ಮ್ಯಾನೇಜರಿಗೆ ಟಾರ್ಗೆಟ್. ಸಾಲ ಪಾಸಾಯಿತು. ದೀಪಾವಳಿ ಬರುವಷ್ಟರಲ್ಲಿ ಮುಳುಗಿತು.

ಈಗ ಕಾರ್ಗಿಲ್‌ಗೆ ಬನ್ನಿ. 1999ರ ಮೇ ತಿಂಗಳು. ಬಟಾಲಿಕ್ ಕಡೆಯ ಕುರಿಗಾಹಿ ತಾಶಿ ನಮ್‌ಗ್ಯಾಲ್, ತಪ್ಪಿಸಿಕೊಂಡ ಯಾಕ್ ಹುಡುಕುತ್ತಾ ಹೋಗಿ, ಬೆಟ್ಟದ ಮೇಲೆ ಅಪರಿಚಿತರನ್ನು ಕಂಡು ಸೇನೆಗೆ ತಿಳಿಸಿದರು. ಇದು ಎಲ್ಲರಿಗೂ ಗೊತ್ತಿರುವ ಕಥೆ. ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ಅದಕ್ಕೂ ಒಂದು ವರ್ಷ ಹಿಂದಿನದು. 1998ರ ಜೂನ್‌ನಲ್ಲೇ ಐಬಿ, ಕಾರ್ಗಿಲ್ ಎದುರಿನ ಪಾಕಿಸ್ತಾನದ ಕಡೆಯ ಚಟುವಟಿಕೆ ಬಗ್ಗೆ ಒಂದು ವರದಿ ಕಳಿಸಿತ್ತು. ಪ್ರಧಾನಿಗೆ ಹೋಯಿತು, ಗೃಹ ಸಚಿವರಿಗೆ ಹೋಯಿತು. ಆದರೆ ರಾ ಮುಖ್ಯಸ್ಥರು, ಜಂಟಿ ಗುಪ್ತಚರ ಸಮಿತಿಯ ಅಧ್ಯಕ್ಷರು, ಮಿಲಿಟರಿ ಇಂಟೆಲಿಜೆನ್ಸ್‌ನ ಡೈರೆಕ್ಟರ್ ಜನರಲ್, ಈ ಮೂವರ ಹೆಸರೇ ಆ ಕಾಗದದ ಮೇಲೆ ಇರಲಿಲ್ಲ. ಅದನ್ನು ಕೂತು ಓದಿ, ಬೇರೆ ಸುದ್ದಿಯ ಜೊತೆ ಇಟ್ಟು ನೋಡಬೇಕಾದವರೇ ಇವರು! ಯುದ್ಧದ ನಂತರ ರಕ್ಷಣಾ ತಜ್ಞ ಕೆ. ಸುಬ್ರಹ್ಮಣ್ಯಂ ಅವರ ನೇತೃತ್ವದಲ್ಲಿ ಕೂತ ಕಾರ್ಗಿಲ್ ಪರಿಶೀಲನಾ ಸಮಿತಿ ಇದನ್ನೆಲ್ಲ ಬರೆದಿಟ್ಟಿದೆ. ಆಮೇಲೆ ಅಡ್ವಾಣಿ ನೇತೃತ್ವದ ಸಚಿವರ ಗುಂಪು ಕೂತಿತು. ಅವರ ಶಿಫಾರಸಿನಂತೆ 2002ರ ಮಾರ್ಚ್‌ನಲ್ಲಿ ಈ ಡಿಐಎ ಹುಟ್ಟಿತು. ಮೊದಲ ಮುಖ್ಯಸ್ಥರು ಲೆಫ್ಟಿನೆಂಟ್ ಜನರಲ್ ಕಮಲ್ ದಾವರ್.

ಅದರ ಕೆಲಸ ಏನು? ಭೂಸೇನೆಯವರು ಗಡಿ ನೋಡುತ್ತಾರೆ. ನೌಕಾಪಡೆಯವರು ಹಡಗು ನೋಡುತ್ತಾರೆ. ವಾಯುಪಡೆಯವರು ರನ್‌ವೇ ನೋಡುತ್ತಾರೆ. ಮೂರೂ ಪಡೆಯವರು ತಂದಿದ್ದನ್ನು ಒಟ್ಟಿಗೆ ಹರಡಿ, "ಇದರ ಅರ್ಥ ಹೀಗೆ" ಅಂತ ಹೇಳಬೇಕು. ಉಪಗ್ರಹದ ಚಿತ್ರ ಓದುವ ಕೇಂದ್ರ, ಸಿಗ್ನಲ್ ಕದ್ದು ಕೇಳುವ ವಿಭಾಗ, ಬೇರೆ ದೇಶಗಳಲ್ಲಿರುವ ನಮ್ಮ ಡಿಫೆನ್ಸ್ ಅಟ್ಯಾಶೆಗಳು (ಅಂದರೆ ರಾಯಭಾರ ಕಚೇರಿಗಳಲ್ಲಿರುವ ಸೇನಾಧಿಕಾರಿಗಳು), ಎಲ್ಲ ಇದರ ಕೈಯಲ್ಲಿದೆ. ಹಾಗಾಗಿ ಶೆಟ್ರೇ, ಖರ್ಚಿನ ಮಾತು ಬಿಡಿ.

ಮುಂಬೈಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾವು ದಿನಾ ಇಳಿಯುವ ಸಿಎಸ್‌ಎಂಟಿ ಸ್ಟೇಷನ್ನಲ್ಲೇ 2008ರ ನವೆಂಬರ್ 26ರಂದು ಭಯೋತ್ಪಾದಕರ ದಾಳಿಗೆ 50ಕ್ಕೂ ಜಾಸ್ತಿ ಜನ ಸತ್ತರು. ಊರಿಡೀ ಸೇರಿ 166. ಸಮುದ್ರದಿಂದ ಬರಬಹುದು, ದೊಡ್ಡ ಹೋಟೆಲ್‌ಗಳ ಮೇಲೆ ಕಣ್ಣಿದೆ ಎನ್ನುವ ಸೂಚನೆ ಮೊದಲೇ ಬಂದಿತ್ತು. ಹತ್ತು ಜನ ರಬ್ಬರ್ ದೋಣಿಯಿಂದ ಇಳಿದಾಗ ಕಂಡವರು ಕೊಲಾಬಾ ಕಡೆಯ ಮೀನುಗಾರರು. ಯಾರು ನೀವು ಅಂತ ಕೇಳಿಯೂ ಕೇಳಿದ್ದರು. ಆ ಮೇಲೆ ಕರಾವಳಿ ರಕ್ಷಣೆಯ ಒಟ್ಟು ಹೊಣೆ ನೌಕಾಪಡೆಗೆ ಬಂತು. 2014ರಲ್ಲಿ ಎಲ್ಲ ಹಡಗುಗಳ ಮಾಹಿತಿ ಒಟ್ಟು ಮಾಡುವ ಕೇಂದ್ರವೂ ಆಯಿತು, ಗುರುಗ್ರಾಮದಲ್ಲಿ. (ಸಮುದ್ರವೇ ಇಲ್ಲದ ಊರಲ್ಲಿ ಕೂತು ಸಮುದ್ರ ನೋಡುವುದು! ಮಲ್ಪೆಯಲ್ಲಿರುವ ನನ್ನ ಭಾವ ಇದನ್ನು ಕೇಳಿ ಐದು ನಿಮಿಷ ನಕ್ಕಿದ್ದ.)

ನನ್ನ ತಕರಾರು ಇರುವುದು ಬೇರೆ ಕಡೆ. ಎಲ್ಲವನ್ನೂ ಒಂದೇ ಮೇಜಿಗೆ ತಂದರೂ ಸಾಲುವುದಿಲ್ಲ. ಮೇಜಿನ ತಲೆಯಲ್ಲಿ ಕೂತವರ ಮನಸ್ಸಲ್ಲಿ ಉತ್ತರ ಮೊದಲೇ ಇದ್ದರೆ? ಇಸ್ರೇಲ್‌ನ ಮಿಲಿಟರಿ ಗುಪ್ತಚರ ಸಂಸ್ಥೆ ಆಮಾನ್ ನೋಡಿ. ಯುದ್ಧ ಬರುತ್ತದೋ ಇಲ್ಲವೋ ಎಂದು ಇಡೀ ದೇಶಕ್ಕೆ ಹೇಳುವುದು ಅವರೇ. 1973ರಲ್ಲಿ ಅವರದ್ದೊಂದು ಗಟ್ಟಿ ನಂಬಿಕೆ: ದೂರ ಹಾರುವ ಬಾಂಬರ್ ವಿಮಾನ ಕೈಗೆ ಬರುವವರೆಗೆ ಈಜಿಪ್ಟ್ ಯುದ್ಧಕ್ಕೆ ಇಳಿಯುವುದಿಲ್ಲ. ದಕ್ಷಿಣ ಕಮಾಂಡ್‌ನಲ್ಲಿದ್ದ ಬಿನ್ಯಾಮಿನ್ ಸಿಮನ್-ಟೋವ್ ಎಂಬ ಲೆಫ್ಟಿನೆಂಟ್, ಈಜಿಪ್ಟ್‌ನ ಕವಾಯತು ಬರೀ ನೆಪ, ಯುದ್ಧದ ತಯಾರಿ ನಡೆದಿದೆ ಅಂತ ಬರೆದ. ಅವನ ಮೇಲಧಿಕಾರಿ ಅದನ್ನು ಮುಂದೆ ಕಳಿಸಲಿಲ್ಲ. ಅಕ್ಟೋಬರ್ 6ಕ್ಕೆ ಯುದ್ಧ ಬಂದೇ ಬಂತು.

ಪೆಟ್ಟು ತಿಂದ ಮೇಲೆ ಬುದ್ಧಿ ಬಂದು, ಆಮಾನ್ ಒಳಗೇ ಒಂದು ಅಡ್ಡಮಾತಿನ ವಿಭಾಗ ಮಾಡಿದರು. ಎಲ್ಲರೂ ಹೌದು ಅಂದಿದ್ದಕ್ಕೆ ಅಲ್ಲ ಅಂತ ವಾದಿಸುವುದೇ ಅವರ ಡ್ಯೂಟಿ. ಆದರೂ 2023ರ ಅಕ್ಟೋಬರ್ 7ರಂದು ಗಾಜಾದಿಂದ ಹಮಾಸ್ ದಾಳಿ ಆಯಿತು. ಗಾಜಾ ಬೇಲಿಯ ಕ್ಯಾಮೆರಾ ನೋಡುತ್ತಿದ್ದ ಚಿಕ್ಕ ವಯಸ್ಸಿನ ಹುಡುಗಿಯರು, ಆಚೆ ಏನೋ ನಡೀತಿದೆ ಅಂತ ತಿಂಗಳುಗಟ್ಟಲೆ ಹೇಳಿದ್ದರು. ಮೇಲಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮಾನ್ ಮುಖ್ಯಸ್ಥ 2024ರಲ್ಲಿ ರಾಜೀನಾಮೆ ಕೊಟ್ಟರು.

ನಮ್ಮ ಡಿಐಎ ಸೈನ್ಯದ ಮನೆಯೊಳಗೇ ಇದೆ. ಅಧಿಕಾರಿಗಳು ಮೂರೂ ಪಡೆಗಳಿಂದ ಬರುತ್ತಾರೆ, ಬಡ್ತಿಗೆ ಮತ್ತೆ ತಮ್ಮ ಪಡೆಗೇ ಮರಳಬೇಕು. ಶತ್ರುವಿನ ಹತ್ತಿರ ಇಷ್ಟು ವಿಮಾನ ಇದೆ ಅಂತ ಬರೆದರೆ ನಮಗೆ ಅಷ್ಟು ವಿಮಾನ ಬೇಕು ಅಂತಾಗುತ್ತದೆ. ಅಲ್ಲಿ ಕೂತ ಕರ್ನಲ್ ಒಬ್ಬ, "ಇಲ್ಲ ಸರ್, ಈ ಲೆಕ್ಕ ಉಬ್ಬಿಸಿದ್ದು" ಅಂತ ತನ್ನದೇ ಪಡೆಗೆ ವಿರುದ್ಧ ಬರೆಯಲು ಎದೆಗಾರಿಕೆ ಬೇಕು. ನನ್ನ ಪ್ರಕಾರ ಇಂಥ ನೋಟ್ ಬರೆದವನ ಹೆಸರು ಸಮೇತ ರಕ್ಷಣಾ ಸಚಿವರವರೆಗೆ ಹೋಗಬೇಕು, ನಡುವೆ ಯಾರೂ ತಡೆಯುವಂತಿರಬಾರದು. ಅವನ ಬಡ್ತಿಯನ್ನು ಅವನ ಪಡೆಯೊಂದೇ ನಿರ್ಧರಿಸಬಾರದು. ಹೊಸ ಉಪಗ್ರಹಕ್ಕಿಂತ ಇದು ಅಗ್ಗ. ಆದರೆ ಮಾಡುವುದು ಕಷ್ಟ, ಯಾಕೆಂದರೆ ಮೇಲೆ ಕೂತವರಿಗೆ ಇರಿಸುಮುರಿಸಾಗುತ್ತದೆ.

ಇಷ್ಟೆಲ್ಲ ಅಲ್ಲಿ ಹೇಳಲಿಲ್ಲ. ಭಿವಂಡಿಯ ಕಥೆ ಮಾತ್ರ ಹೇಳಿದ್ದೆ. ಗಾಡಿ ದಾದರ್‌ಗೆ ನಿಧಾನವಾಯಿತು. ಶೆಟ್ರು ಬಾಗಿಲ ಕಡೆ ನುಗ್ಗುತ್ತಾ ತಿರುಗಿ ಕೇಳಿದರು. "ಆ ಚೌಕಿದಾರ ಹೇಳಿದ್ದನ್ನು ನೀವು ನೋಟಲ್ಲಿ ಬರೆದಿದ್ರಾ?"

"ಬರೆದಿದ್ದೆ" ಅಂದೆ.

ಪೆನ್ಸಿಲ್‌ನಲ್ಲಿ ಬರೆದಿದ್ದೆ. ಫೈಲ್ ಮ್ಯಾನೇಜರ್ ಕೋಣೆಗೆ ಹೋಗುವ ಮೊದಲು ನಾನೇ ಅಳಿಸಿದ್ದೆ. ಅದನ್ನು ಹೇಳುವಷ್ಟರಲ್ಲಿ ಶೆಟ್ರು ಇಳಿದಾಗಿತ್ತು.