ಟಿಬಿ ಟೆಸ್ಟ್ ವಿಷಯ ಬಿಟ್ಟುಹೋಗಿದೆ

ಬೇರೆ ಡಿಗ್ರಿ ಇದ್ದವರು ನ್ಯೂಯಾರ್ಕಿನಲ್ಲಿ ಒಂದೂಕಾಲು ವರ್ಷದ ನರ್ಸಿಂಗ್ ಕೋರ್ಸ್ ಸೇರಲು ಹೇಗೆ ತಯಾರಾಗಬೇಕು ಅಂತ ನಿಮ್ಮ ಲೇಖನ ಚೆನ್ನಾಗಿ ಹೇಳಿದೆ. ಆದರೆ ಸೇರುವವರು ಕೊಡಬೇಕಾದ ಲಸಿಕೆ, ಟಿಬಿ ಟೆಸ್ಟ್ ಕಾಗದಗಳಿಗೆ ಒಂದೇ ಸಾಲು ಕೊಟ್ಟಿದ್ದೀರಿ. ನಮ್ಮ ಕಡೆಯವರು ಸಿಕ್ಕಿಹಾಕಿಕೊಳ್ಳುವುದೇ ಅಲ್ಲಿ ಅಲ್ವಾ?

ಇಂಡಿಯಾದಲ್ಲಿ ಹುಟ್ಟಿದ ನಮ್ಮಲ್ಲಿ ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ ಬಿಸಿಜಿ, ಅಂದರೆ ಟಿಬಿ ಲಸಿಕೆ, ಹಾಕಿರುತ್ತಾರೆ. ಹಾಗಾಗಿ ಚರ್ಮಕ್ಕೆ ಚುಚ್ಚಿ ಮಾಡುವ ಟಿಬಿ ಟೆಸ್ಟ್ ಕಾಯಿಲೆ ಇಲ್ಲದಿದ್ದರೂ ಪಾಸಿಟಿವ್ ಬರಬಹುದು. ಆಮೇಲೆ ಎಕ್ಸ್‌ರೇ, ಡಾಕ್ಟರ ಪತ್ರ ಅಂತ ಸುಮ್ನೆ ಓಡಾಟ. ಮೊದಲೇ ಕ್ವಾಂಟಿಫೆರಾನ್ ಅನ್ನುವ ರಕ್ತಪರೀಕ್ಷೆ ಕೇಳಿ. ಅದಕ್ಕೆ ಬಿಸಿಜಿ ಅಡ್ಡ ಬರುವುದಿಲ್ಲ. ಹೆಪಟೈಟಿಸ್ ಬಿ ಲಸಿಕೆಯನ್ನೂ ಸೀಟು ಸಿಕ್ಕಮೇಲೆ ನೋಡೋಣ ಅಂತ ಬಿಡಬೇಡಿ. ಮಾಮೂಲಿ 3 ಡೋಸ್ ಮುಗಿಯಲು 6 ತಿಂಗಳು ಬೇಕು. ಈ ಕಾಗದ ಸರಿಯಿಲ್ಲದಿದ್ದರೆ ತರಬೇತಿಗೆ ಆಸ್ಪತ್ರೆಯೊಳಗೆ ಬಿಡುವುದಿಲ್ಲ.

ಕೋರ್ಸ್ ಸೇರುವ ಮೊದಲೇ ಓದಿರಬೇಕಾದ ಅನಾಟಮಿ, ಮೈಕ್ರೋಬಯಾಲಜಿ, ಸ್ಟಾಟಿಸ್ಟಿಕ್ಸ್ ವಿಷಯಗಳನ್ನು ಕಮ್ಯುನಿಟಿ ಕಾಲೇಜಿನಲ್ಲೇ (ಎರಡು ವರ್ಷದ ಸರ್ಕಾರಿ ಕಾಲೇಜು) ಮುಗಿಸಿಕೊಳ್ಳಿ, ಖರ್ಚು ಕಡಿಮೆ. ಊರಿನ ಬಿ.ಎಸ್ಸಿ. ಅಂಕಪಟ್ಟಿ ತುಂಬಾ ಹಳೆಯದಾಗಿದ್ದರೆ ಕೆಲವು ಕಾಲೇಜುಗಳು ಒಪ್ಪುವುದಿಲ್ಲ.

ಕಾಲೇಜಿನ ಪಕ್ಕದಲ್ಲೇ ಮನೆ ಮಾಡಿ ಅಂತ ಬರೆದಿದ್ದೀರಿ. ನನಗೆ ಅದು ಸರಿ ಅನ್ನಿಸಲಿಲ್ಲ. ಕ್ಲಿನಿಕಲ್ ಡ್ಯೂಟಿ, ಅಂದರೆ ಆಸ್ಪತ್ರೆಯ ತರಬೇತಿ, ಒಂದು ಸೆಮಿಸ್ಟರ್ ಊರಿನ ಉತ್ತರದ ಬ್ರಾಂಕ್ಸ್‌ನಲ್ಲಿ, ಇನ್ನೊಂದು ದಕ್ಷಿಣದ ಬ್ರೂಕ್ಲಿನ್‌ನಲ್ಲಿ ಬೀಳಬಹುದು. ಬೆಳಗಿನ 7 ಗಂಟೆಯೊಳಗೆ ವಾರ್ಡಿನಲ್ಲಿ ಇರಬೇಕಾಗುತ್ತದೆ. ಸಬ್‌ವೇ, ಅಂದರೆ ಇಲ್ಲಿನ ಮೆಟ್ರೋ, ರಾತ್ರಿಯಿಡೀ ಓಡುತ್ತದೆ ನಿಜ, ಆದರೆ ನಸುಕಿನಲ್ಲಿ ರೈಲು ಅಪರೂಪ. ಅದಕ್ಕೆ ನ್ಯೂಯಾರ್ಕಿನದೇ ಭಾಗವಾದ ಕ್ವೀನ್ಸ್‌ನ ಜಾಕ್ಸನ್ ಹೈಟ್ಸ್ ತರಹ ಹಲವು ಲೈನುಗಳು ಸೇರುವ ಕಡೆ ಮನೆ ಹುಡುಕುವುದು ವಾಸಿ. ತೊಗರಿಬೇಳೆ, ಕರಿಬೇವೂ ಅಲ್ಲೇ ಸಿಗುತ್ತದೆ!